ಊರಲ್ಲೇ ಇರುವುದಾ, ಹೊರದೇಶಕ್ಕೆ ಹೋಗುವುದಾ? ಫಿಲಿಪ್ಪೀನ್ಸ್ ಮನೆಗಳ ದೊಡ್ಡ ಲೆಕ್ಕ

2026ರ ಜನವರಿ 1ರಿಂದ ಅಮೆರಿಕದಲ್ಲಿ ಒಂದು ಹೊಸ ತೆರಿಗೆ ಜಾರಿಗೆ ಬಂತು. ಅಲ್ಲಿ ದುಡಿಯುವವರು ತಮ್ಮ ದೇಶದಲ್ಲಿರುವ ಮನೆಯವರಿಗೆ ನಗದು ಕೊಟ್ಟು ಹಣ ಕಳಿಸಿದರೆ ಅದರ ಮೇಲೆ ಶೇ 1ರಷ್ಟು ತೆರಿಗೆ. ಮೊದಲು ಶೇ 5 ಎಂಬ ಪ್ರಸ್ತಾಪ ಇತ್ತು. ಅದು 3.5ಕ್ಕೆ ಇಳಿದು ಕೊನೆಗೆ 1ಕ್ಕೆ ನಿಂತಿತು. ಬ್ಯಾಂಕ್ ಖಾತೆಯಿಂದಲೋ ಅಮೆರಿಕದ ಡೆಬಿಟ್, ಕ್ರೆಡಿಟ್ ಕಾರ್ಡಿನಿಂದಲೋ ಕಳಿಸಿದರೆ ತೆರಿಗೆ ಇಲ್ಲ. ಹಾಗಾಗಿ ಅಮೆರಿಕದಲ್ಲಿರುವ ಹೆಚ್ಚಿನ ಕನ್ನಡಿಗರಿಗೆ ಇದರ ಬಿಸಿ ತಟ್ಟುವುದಿಲ್ಲ.

ಆದರೆ ಈ ಮಾತು ಶುರುವಾದಾಗಲೇ ಫಿಲಿಪ್ಪೀನ್ಸ್‌ನಲ್ಲಿ ಆತಂಕ ಹುಟ್ಟಿತ್ತು. ಆ ದೇಶಕ್ಕೆ ಹೊರಗಿನಿಂದ ಬರುವ ಹಣ ಅಷ್ಟು ದೊಡ್ಡದು. 2024ರಲ್ಲಿ ಬ್ಯಾಂಕುಗಳ ಮೂಲಕ ಬಂದದ್ದೇ ಸುಮಾರು 3,450 ಕೋಟಿ ಡಾಲರ್. ಬೇರೆ ದಾರಿಗಳಲ್ಲಿ ಬಂದದ್ದನ್ನೂ ಸೇರಿಸಿದರೆ ದೇಶದ ಜಿಡಿಪಿಯ ಶೇ 8ರಷ್ಟಾಗುತ್ತದೆ. ಹೊರದೇಶದ ದುಡಿಮೆಯ ಹಣ ಪಡೆಯುವುದರಲ್ಲಿ ಜಗತ್ತಿಗೇ ಮೊದಲು ಭಾರತ. ಆದರೂ ನಮ್ಮ ಜಿಡಿಪಿಯಲ್ಲಿ ಅದರ ಪಾಲು ಶೇ 3ಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಸುಮಾರು 11 ಕೋಟಿ ಜನ ಇರುವ ದ್ವೀಪಗಳ ದೇಶ ಅದು. ಅಲ್ಲಿ ಓದು ಮುಗಿಸುವ ವಯಸ್ಸಿಗೆ ಬಂದ ಮಕ್ಕಳ ಮನೆಗಳಲ್ಲಿ ಒಂದು ಮಾತು ಬಂದೇ ಬರುತ್ತದೆ: ಹೋಗುವುದಾ, ಇಲ್ಲೇ ಇರುವುದಾ? ಆ ಲೆಕ್ಕ ಹೇಗೆ ನಡೆಯುತ್ತದೆ, ಅದರಲ್ಲಿ ಏನೇನು ಸೇರುತ್ತದೆ ಎಂದು ನೋಡೋಣ.

ಹೊರಗಿರುವವರು ಯಾರು?

ಹೊರದೇಶದಲ್ಲಿ ದುಡಿಯುವ ಫಿಲಿಪ್ಪೀನ್ಸಿನವರನ್ನು ಅಲ್ಲಿ ಎಲ್ಲರೂ ಕರೆಯುವುದು 'ಓಎಫ್‌ಡಬ್ಲ್ಯು' (ಓವರ್‌ಸೀಸ್ ಫಿಲಿಪಿನೊ ವರ್ಕರ್) ಎಂದು. ಸರ್ಕಾರಿ ಕಾಗದದಲ್ಲೂ ಇದೇ ಹೆಸರು, ಮನೆಯ ಮಾತಿನಲ್ಲೂ ಇದೇ. ಒಪ್ಪಂದದ ಮೇಲೆ, ಸಾಮಾನ್ಯವಾಗಿ ಎರಡು ವರ್ಷಕ್ಕೆಂದು ಹೋಗಿ ದುಡಿಯುವವರು ಇವರು. ಹಡಗಿನಲ್ಲಿ ಕೆಲಸ ಮಾಡುವವರೂ ಇದರಲ್ಲಿ ಸೇರುತ್ತಾರೆ. ಅಮೆರಿಕ, ಕೆನಡಾದಂಥ ಕಡೆ ಖಾಯಂ ಆಗಿ ನೆಲೆಸಿದವರ ಲೆಕ್ಕ ಬೇರೆ.

ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಅಂಕಿಗಳನ್ನು ನೋಡಿ ಗೊಂದಲ ಆಗುತ್ತದೆ. ಒಂದು ಕಡೆ 1 ಕೋಟಿ ಎಂದಿರುತ್ತದೆ, ಇನ್ನೊಂದು ಕಡೆ 20 ಲಕ್ಷ ಎಂದಿರುತ್ತದೆ. ಎರಡೂ ಸರಿ. 2013ರ ಸರ್ಕಾರಿ ಅಂದಾಜಿನ ಪ್ರಕಾರ ಹೊರಗಿದ್ದವರು ಒಟ್ಟು ಸುಮಾರು 1 ಕೋಟಿ 2 ಲಕ್ಷ. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಖಾಯಂ ನೆಲೆಸಿದವರು. ಅಂಕಿಅಂಶ ಇಲಾಖೆಯ 2023ರ ಸಮೀಕ್ಷೆ ಎಣಿಸಿದ್ದು ಒಪ್ಪಂದದ ದುಡಿಮೆಗಾರರನ್ನು ಮಾತ್ರ. ಆ ವರ್ಷ ಅವರು ಸುಮಾರು 21.6 ಲಕ್ಷ. ಅರ್ಧಕ್ಕಿಂತ ಜಾಸ್ತಿ ಹೆಂಗಸರು. ಐವರಲ್ಲಿ ಒಬ್ಬರು ಸೌದಿ ಅರೇಬಿಯಾದಲ್ಲಿ. ಐವರಲ್ಲಿ ಇಬ್ಬರು ಮಾಡುವುದು ಮನೆಗೆಲಸ, ಸ್ವಚ್ಛತೆಯಂಥ ಕೆಲಸ.

ಫಿಲಿಪ್ಪೀನ್ಸಿಗೆ ಬರುವ ಹಣದಲ್ಲಿ ಶೇ 40ರಷ್ಟು ಅಮೆರಿಕದಿಂದ ಬರುತ್ತದೆ ಎಂದು ದಾಖಲೆ ಹೇಳುತ್ತದೆ. ಆದರೆ ಬೇರೆ ದೇಶಗಳಿಂದ ಕಳಿಸಿದ ಹಣವೂ ಎಷ್ಟೋ ಸಲ ಅಮೆರಿಕದ ಬ್ಯಾಂಕುಗಳ ಮೂಲಕ ಹಾದು ಬರುತ್ತದೆ. ಆಗ ಅದೂ ಅಮೆರಿಕದ ಲೆಕ್ಕಕ್ಕೇ ಬೀಳುತ್ತದೆ.

ಇದು ಶುರುವಾದದ್ದು ಹೇಗೆ?

1898ರಲ್ಲಿ ಸ್ಪೇನಿನ ಕೈಯಿಂದ ಫಿಲಿಪ್ಪೀನ್ಸ್ ಅಮೆರಿಕದ ಕೈಗೆ ಹೋಯಿತು. 1906ರಲ್ಲಿ ಅಲ್ಲಿನ 15 ಜನ ಹವಾಯಿಯ ಕಬ್ಬಿನ ತೋಟಗಳಿಗೆ ಕೂಲಿಗೆ ಹೋದರು. ಆಮೇಲೆ ಸಾವಿರಾರು ಜನ ಅದೇ ದಾರಿ ಹಿಡಿದರು. ಅಮೆರಿಕದವರು ಇಂಗ್ಲಿಷ್ ಶಾಲೆಗಳ ಜೊತೆಗೆ ನರ್ಸಿಂಗ್ ಶಾಲೆಗಳನ್ನೂ ತೆರೆದರು. ಮುಂದೆ ನರ್ಸ್‌ಗಳ ದಾರಿ ಸುಲಭವಾಗಿದ್ದಕ್ಕೆ ಇದೂ ಒಂದು ಕಾರಣ.

ಆದರೆ ಇವತ್ತು ನಾವು ನೋಡುವ ದೊಡ್ಡ ಪ್ರಮಾಣದ ವಲಸೆ ಹುಟ್ಟಿದ್ದು 1970ರ ದಶಕದಲ್ಲಿ. 1973ರಲ್ಲಿ ತೈಲದ ಬೆಲೆ ಏರಿತು. ಕೊಲ್ಲಿ ದೇಶಗಳ ಕೈಗೆ ಹಣ ಬಂತು. ರಸ್ತೆ, ಬಂದರು, ಆಸ್ಪತ್ರೆ ಕಟ್ಟಲು ಅವರಿಗೆ ಜನ ಬೇಕಾದರು. ಫಿಲಿಪ್ಪೀನ್ಸಿನಲ್ಲಿ ಆಗ ಫರ್ಡಿನಂಡ್ ಮಾರ್ಕೋಸ್ ಸೇನಾ ಕಾನೂನು ಹೇರಿ ಆಳುತ್ತಿದ್ದರು. ದೇಶದೊಳಗೆ ಕೆಲಸ ಇರಲಿಲ್ಲ, ತೈಲ ಕೊಳ್ಳಲು ಡಾಲರ್ ಸಾಲುತ್ತಿರಲಿಲ್ಲ. 1974ರ ಕಾರ್ಮಿಕ ಕಾನೂನಿನ ಮೂಲಕ ಜನರನ್ನು ಹೊರಗೆ ಕಳಿಸುವ ಕೆಲಸವನ್ನು ಸರ್ಕಾರವೇ ಕೈಗೆತ್ತಿಕೊಂಡಿತು. ಸ್ವಲ್ಪ ಕಾಲದ ಮಟ್ಟಿಗೆ ಎಂದೇ ಇದನ್ನು ಶುರುಮಾಡಿದ್ದು. ಅರ್ಧ ಶತಮಾನ ಕಳೆದರೂ ನಿಂತಿಲ್ಲ.

ಹಣ ಮನೆಗೆ ಬರಲೇಬೇಕು ಎಂದು ಸರ್ಕಾರ ಎಷ್ಟು ಹಟ ಹಿಡಿದಿತ್ತೆಂದರೆ, 1982ರಲ್ಲಿ ಸಂಬಳದ ಶೇ 50ರಿಂದ 80ರಷ್ಟನ್ನು ಬ್ಯಾಂಕಿನ ಮೂಲಕ ಕಳಿಸುವುದು ಕಡ್ಡಾಯ ಎಂಬ ಆದೇಶ ಬಂತು. ಕಳಿಸದಿದ್ದರೆ ಪಾಸ್‌ಪೋರ್ಟ್ ನವೀಕರಣಕ್ಕೆ ತೊಂದರೆ. ಹಾಂಗ್‌ಕಾಂಗ್‌ನಲ್ಲಿ ಮನೆಗೆಲಸಕ್ಕಿದ್ದವರು ಒಟ್ಟುಗೂಡಿ ಇದರ ವಿರುದ್ಧ ನಿಂತರು. 1985ರಲ್ಲಿ ಆ ಶಿಕ್ಷೆಗಳನ್ನು ತೆಗೆದುಹಾಕಲಾಯಿತು. ಹಡಗಿನವರಿಗೆ ಮಾತ್ರ ಇವತ್ತಿಗೂ ಈ ನಿಯಮ ಉಳಿದಿದೆ. ಅವರ ಮೂಲ ಸಂಬಳದ ಶೇ 80ರಷ್ಟು ನೇರವಾಗಿ ಮನೆಗೆ ಹೋಗುತ್ತದೆ.

ಹೋಗುವುದಕ್ಕೆ ದಾರಿ ಸಿದ್ಧ ಇದೆ

ಬೇರೆ ಬಡ ದೇಶಗಳಿಂದಲೂ ಜನ ಹೊರಗೆ ಹೋಗುತ್ತಾರೆ. ಫಿಲಿಪ್ಪೀನ್ಸ್ ಬೇರೆಯಾಗಿ ಕಾಣುವುದು ಅಲ್ಲಿನ ವ್ಯವಸ್ಥೆಯಿಂದ. ಪರವಾನಗಿ ಇರುವ ಏಜೆನ್ಸಿ, ಸರ್ಕಾರ ನೋಡಿ ಒಪ್ಪಿದ ಒಪ್ಪಂದ, ಹೊರಡುವ ಮುಂಚೆ ತಿಳಿವಳಿಕೆಯ ತರಗತಿ, ವಿಮಾನ ನಿಲ್ದಾಣದಲ್ಲಿ ತೋರಿಸಬೇಕಾದ ಉದ್ಯೋಗ ಪ್ರಮಾಣಪತ್ರ. ಆ ಪತ್ರ ಇದ್ದರೆ ಪ್ರಯಾಣ ತೆರಿಗೆ ಇಲ್ಲ, ಟರ್ಮಿನಲ್ ಶುಲ್ಕವೂ ಇಲ್ಲ. 25 ಡಾಲರ್ ಕಟ್ಟಿದರೆ ಎರಡು ವರ್ಷಕ್ಕೆ ಕಲ್ಯಾಣ ನಿಧಿಯ ಸದಸ್ಯತ್ವ. ಕಷ್ಟಕ್ಕೆ ಸಿಕ್ಕಿದರೆ ವಾಪಸ್ ಕರೆತರುವುದು, ಸತ್ತರೆ ಮನೆಯವರಿಗೆ ನೆರವು, ಮಕ್ಕಳಿಗೆ ವಿದ್ಯಾರ್ಥಿವೇತನ ಇದರಿಂದ ಸಿಗುತ್ತವೆ. ವಲಸೆ ದುಡಿಮೆಗಾರರಿಗೆಂದೇ ಪ್ರತ್ಯೇಕ ಸಚಿವಾಲಯ ಮಾಡುವ ಕಾನೂನಿಗೆ 2021ರ ಡಿಸೆಂಬರ್‌ನಲ್ಲಿ ಸಹಿ ಬಿತ್ತು.

ನಮ್ಮಲ್ಲೂ ಇದರ ನೆರಳು ಇದೆ. ಭಟ್ಕಳ, ಉಡುಪಿ, ಮಂಗಳೂರು ಕಡೆಯಿಂದ ಕೊಲ್ಲಿಗೆ ಹೋದವರ ಮನೆಗಳಲ್ಲಿ 'ಎಮಿಗ್ರೇಷನ್ ಕ್ಲಿಯರೆನ್ಸ್' ಎಂಬ ಮಾತು ಕೇಳಿರುತ್ತೀರಿ. 1983ರ ವಲಸೆ ಕಾನೂನಿನಡಿ, ಹತ್ತನೇ ತರಗತಿ ಪಾಸಾಗದವರು ಕೆಲವು ನಿಗದಿತ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಅದು ಬೇಕು. ಆದರೆ ನಮ್ಮ ದೇಶದಲ್ಲಿ ಇದು ಒಂದು ವರ್ಗದ ಜನಕ್ಕೆ ಸಂಬಂಧಿಸಿದ ವಿಷಯ. ಅಲ್ಲಿ ಡಾಕ್ಟರ್‌ನಿಂದ ಮನೆಗೆಲಸದವರೆಗೆ ಎಲ್ಲರೂ ಹಾದುಹೋಗುವ ಬಾಗಿಲು.

ಈ ರಕ್ಷಣೆಯ ಕಾನೂನು ಸುಮ್ನೆ ಬಂದದ್ದಲ್ಲ. 1995ರ ಮಾರ್ಚ್‌ನಲ್ಲಿ ಫ್ಲೋರ್ ಕಾಂಟೆಂಪ್ಲಾಸಿಯೋನ್ ಎಂಬ ಮನೆಗೆಲಸದ ಹೆಂಗಸನ್ನು ಸಿಂಗಪುರ ಗಲ್ಲಿಗೇರಿಸಿತು. ಇನ್ನೊಬ್ಬ ಫಿಲಿಪ್ಪೀನ್ಸಿನ ಕೆಲಸದಾಕೆಯನ್ನೂ ಒಂದು ಮಗುವನ್ನೂ ಕೊಂದ ಆರೋಪ ಆಕೆಯ ಮೇಲಿತ್ತು. ಆಕೆ ತಪ್ಪು ಮಾಡಿಲ್ಲ ಎಂದೇ ಊರಿನ ಜನ ನಂಬಿದ್ದರು. ತಮ್ಮ ಸರ್ಕಾರ ಆಕೆಯ ಬೆನ್ನಿಗೆ ನಿಲ್ಲಲಿಲ್ಲ ಎಂಬ ಸಿಟ್ಟು ಬೀದಿಗೆ ಬಂತು. ಫಿಲಿಪ್ಪೀನ್ಸಿನ ವಿದೇಶಾಂಗ ಸಚಿವರು ಹುದ್ದೆ ಬಿಟ್ಟರು. ಅದೇ ವರ್ಷ ಜೂನ್‌ನಲ್ಲಿ ವಲಸೆ ದುಡಿಮೆಗಾರರ ಕಾನೂನು ಬಂತು. ಆರ್ಥಿಕ ಬೆಳವಣಿಗೆ ಸಾಧಿಸುವ ದಾರಿಯಾಗಿ ಹೊರದೇಶದ ಉದ್ಯೋಗವನ್ನು ಸರ್ಕಾರ ಉತ್ತೇಜಿಸುವುದಿಲ್ಲ ಎಂದು ಆ ಕಾನೂನಿನಲ್ಲೇ ಬರೆದಿದೆ. ಆದರೆ ಹೋಗುವವರ ಕಾಗದ ಪತ್ರ, ತರಗತಿ, ಒಪ್ಪಂದ ಎಲ್ಲವನ್ನೂ ನೋಡಿಕೊಳ್ಳುವುದು ಅದೇ ಸರ್ಕಾರ. ಈ ಎರಡರ ನಡುವಿನ ಎಳೆದಾಟ ಇನ್ನೂ ಬಗೆಹರಿದಿಲ್ಲ.

2018ರಲ್ಲಿ ಕುವೈತ್‌ನಲ್ಲಿ ಕೆಲಸಕ್ಕಿದ್ದ ಹೆಂಗಸೊಬ್ಬಳ ಶವ ಫ್ರೀಜರ್‌ನಲ್ಲಿ ಸಿಕ್ಕಿತು. ಫಿಲಿಪ್ಪೀನ್ಸ್ ಅಲ್ಲಿಗೆ ಜನರನ್ನು ಕಳಿಸುವುದನ್ನೇ ನಿಲ್ಲಿಸಿತು. ಅದೇ ವರ್ಷ ಮೇ ತಿಂಗಳಲ್ಲಿ ಎರಡೂ ದೇಶ ಒಪ್ಪಂದ ಮಾಡಿಕೊಂಡವು: ಪಾಸ್‌ಪೋರ್ಟನ್ನು ಮಾಲೀಕ ಕಿತ್ತಿಟ್ಟುಕೊಳ್ಳುವಂತಿಲ್ಲ, ಮೊಬೈಲ್ ಬಳಸಲು ಬಿಡಬೇಕು. ಒಂದು ಸಾವಿನ ನಂತರ ಇಷ್ಟು ಸಣ್ಣ ವಿಷಯಗಳನ್ನು ಎರಡು ಸರ್ಕಾರಗಳು ಕಾಗದದ ಮೇಲೆ ಬರೆದುಕೊಳ್ಳಬೇಕಾಯಿತು ಎಂದರೆ, ಅದಕ್ಕೂ ಮೊದಲು ಆ ಮನೆಗಳ ಒಳಗಿನ ಬದುಕು ಹೇಗಿತ್ತೆಂದು ಊಹಿಸಬಹುದು. 2023ರಲ್ಲಿ ಇನ್ನೊಂದು ಕೊಲೆ ಆಯಿತು, ಮತ್ತೆ ತಡೆ ಬಂತು. 2024ರಲ್ಲಿ ಮತ್ತೆ ಬಾಗಿಲು ತೆರೆಯಿತು.

ಸಂಬಳದ ಲೆಕ್ಕ

ಒಂದು ಫಿಲಿಪ್ಪೀನ್ಸ್ ಪೆಸೊ ಎಂದರೆ ಸುಮಾರು ಒಂದೂವರೆ ರೂಪಾಯಿ. ಈಗ ಒಬ್ಬ ಮನೆಗೆಲಸದವಳ ಲೆಕ್ಕ ಹಾಕೋಣ.

2025ರಲ್ಲಿ ಮನಿಲಾ ನಗರ ಪ್ರದೇಶದಲ್ಲಿ ಮನೆಗೆಲಸಕ್ಕೆ ಕನಿಷ್ಠ ಸಂಬಳ ತಿಂಗಳಿಗೆ 7,000 ಪೆಸೊ. ಅದೇ ಕೆಲಸಕ್ಕೆ ಹಾಂಗ್‌ಕಾಂಗ್‌ನಲ್ಲಿ 2024ರ ಸೆಪ್ಟೆಂಬರ್‌ನಿಂದ ಕನಿಷ್ಠ 4,990 ಹಾಂಗ್‌ಕಾಂಗ್ ಡಾಲರ್ ಎಂದು ನಿಗದಿಯಾಯಿತು. ಪೆಸೊ ಲೆಕ್ಕದಲ್ಲಿ ಸುಮಾರು 37 ಸಾವಿರ. ಐದು ಪಟ್ಟಿಗಿಂತ ಜಾಸ್ತಿ. ಊಟ ಅಥವಾ ಊಟದ ಭತ್ಯೆ ಬೇರೆ, ಇರಲು ಜಾಗ ಮಾಲೀಕರದೇ.

ಮನೆಗೆಲಸ ಬೇಡ, ಮನಿಲಾದಲ್ಲೇ ಅಂಗಡಿಯಲ್ಲೋ ಕಾರ್ಖಾನೆಯಲ್ಲೋ ಇರುತ್ತೇನೆ ಎಂದರೆ? 2025ರ ಜುಲೈನಿಂದ ಅಲ್ಲಿ ದಿನದ ಕನಿಷ್ಠ ಕೂಲಿ 695 ಪೆಸೊ. ತಿಂಗಳಿಗೆ 26 ದಿನ ದುಡಿದರೆ ಸುಮಾರು 18 ಸಾವಿರ. ಅದರಲ್ಲೇ ಬಾಡಿಗೆ, ಜೀಪ್ನಿ ಎಂಬ ಅಲ್ಲಿನ ಸಣ್ಣ ಬಸ್ಸಿನ ಖರ್ಚು, ಅಕ್ಕಿ. ಹಳ್ಳಿ ಕಡೆ ಕೂಲಿ ಇನ್ನೂ ಕಡಿಮೆ. ಹಾಗಾಗಿ ಓದಿದ ಟೀಚರ್ ಕೂಡ ಹಾಂಗ್‌ಕಾಂಗ್‌ಗೆ ಮನೆಗೆಲಸಕ್ಕೆ ಹೋಗುವುದು ಅಲ್ಲಿ ಯಾರಿಗೂ ಅಚ್ಚರಿ ಅಲ್ಲ.

ಕಳೆಯುವ ಲೆಕ್ಕವೂ ಇದೆ. ಮನೆಗೆಲಸಕ್ಕೆ ಹೋಗುವವರಿಂದ ಏಜೆನ್ಸಿ ನೇಮಕಾತಿ ಶುಲ್ಕ ತೆಗೆದುಕೊಳ್ಳುವಂತಿಲ್ಲ ಎಂದು 2006ರಿಂದ ಫಿಲಿಪ್ಪೀನ್ಸ್ ನಿಯಮ ಇದೆ. ಹಾಂಗ್‌ಕಾಂಗ್ ಕಾನೂನಿನಲ್ಲೂ ಏಜೆನ್ಸಿ ಮೊದಲ ತಿಂಗಳ ಸಂಬಳದ ಶೇ 10ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಆದರೆ ತರಬೇತಿ, ವೈದ್ಯಕೀಯ ಪರೀಕ್ಷೆ, 'ಪ್ರಕ್ರಿಯೆ' ಎಂಬ ಹೆಸರಿನಲ್ಲಿ ಹಣ ಕೀಳುವ ಏಜೆಂಟರಿದ್ದಾರೆ. ಅದಕ್ಕೆ ಸಾಲ ಮಾಡಬೇಕು. ಮೊದಲ ಕೆಲವು ತಿಂಗಳು ದುಡಿದದ್ದೆಲ್ಲ ಸಾಲಕ್ಕೆ ಹೋಗುತ್ತದೆ. ಆ ಹೊತ್ತಿನಲ್ಲಿ ಮಾಲೀಕ ಕೆಲಸದಿಂದ ತೆಗೆದರೆ ಹಾಂಗ್‌ಕಾಂಗ್ ಬಿಡಲು ಸಿಗುವ ಗಡುವು ಎರಡು ವಾರ. ಸಾಲ ಹಾಗೇ ಉಳಿಯುತ್ತದೆ. ಬೈಗುಳ ತಿಂದುಕೊಂಡು, ನಿದ್ದೆ ಕೆಟ್ಟು ಅಲ್ಲೇ ಇರುವವರ ಬಾಯಿ ಕಟ್ಟುವುದು ಹೆಚ್ಚಾಗಿ ಈ ಸಾಲವೇ.

ಇನ್ನು ಮನೆಯ ಕಡೆ. ಬಯಲುಸೀಮೆಯಲ್ಲಿ ಒಂದೇ ಬೋರ್‌ವೆಲ್ ನಂಬಿ ತೋಟ ಮಾಡಿದವರನ್ನು ನೋಡಿದ್ದೀರಲ್ಲ? ನೀರು ಬಂದ ವರ್ಷ ಅಡಿಕೆಯೂ ಆಯಿತು, ಬಾಳೆಯೂ ಆಯಿತು, ಪಕ್ಕದ ತಮ್ಮನ ಗದ್ದೆಗೂ ಒಂದು ಪೈಪು ಹೋಯಿತು. ನೀರು ನಿಂತ ದಿನ ಎಲ್ಲವೂ ಒಟ್ಟಿಗೇ ಒಣಗುತ್ತದೆ. ಒಬ್ಬರ ಹೊರದೇಶದ ಸಂಬಳ ನಂಬಿದ ಮನೆಯ ಸ್ಥಿತಿಯೂ ಹೀಗೇ. ಅಪ್ಪನ ಔಷಧಿ, ತಂಗಿಯ ಕಾಲೇಜು, ಅಣ್ಣನ ಮಕ್ಕಳ ಫೀಸು, ಚಂಡಮಾರುತಕ್ಕೆ ಹಾರಿಹೋದ ತಗಡಿನ ಚಾವಣಿ, ಎಲ್ಲದಕ್ಕೂ ಒಂದೇ ಕಡೆಯಿಂದ ಹಣ. ಹಾಗಾಗಿ ಹೋದವರು ನನಗೆ ಸಾಕಾಯಿತು ಎಂದು ಹೇಳುವುದು ಕಷ್ಟ.

ನರ್ಸ್‌ಗಳ ವಿಷಯದಲ್ಲಿ ಜನ ತಪ್ಪು ತಿಳಿಯುವುದೆಲ್ಲಿ

ಸರ್ಕಾರಿ ಆಸ್ಪತ್ರೆಗೆ ಹೊಸದಾಗಿ ಸೇರುವ ನರ್ಸ್‌ಗೆ 2025ರಲ್ಲಿ ತಿಂಗಳಿಗೆ ಸುಮಾರು 40 ಸಾವಿರ ಪೆಸೊ ಸಂಬಳ. ಸಣ್ಣ ಊರುಗಳ ಖಾಸಗಿ ಆಸ್ಪತ್ರೆಗಳಲ್ಲಿ ಇದಕ್ಕಿಂತ ತುಂಬಾ ಕಡಿಮೆ. ಅಮೆರಿಕದಲ್ಲಿ ನೋಂದಾಯಿತ ನರ್ಸ್‌ಗಳ ಮಧ್ಯಮ ಸಂಬಳ 2024ರಲ್ಲಿ ವರ್ಷಕ್ಕೆ 93,600 ಡಾಲರ್, ಎಂದರೆ ತಿಂಗಳಿಗೆ ನಾಲ್ಕು ಲಕ್ಷಕ್ಕೂ ಮಿಕ್ಕಿ ಪೆಸೊ. ಈ ಅಂತರ ಎಷ್ಟು ಬಲವಾಗಿತ್ತೆಂದರೆ, 2000ದ ದಶಕದ ಆರಂಭದಲ್ಲಿ ಎಷ್ಟೋ ಡಾಕ್ಟರ್‌ಗಳು ಮತ್ತೆ ಕಾಲೇಜಿಗೆ ಸೇರಿ ನರ್ಸಿಂಗ್ ಓದಿ ಅಮೆರಿಕಕ್ಕೆ ಹೊರಟರು.

ನರ್ಸ್‌ಗಳು ಹೋದರೆ ಊರಿನಲ್ಲಿ ನರ್ಸ್‌ಗಳು ಕಡಿಮೆಯಾಗುತ್ತಾರೆ. ಇದು ಸಹಜ ಊಹೆ. ಆದರೆ ಅಮೆರಿಕ ವೀಸಾ ಬಾಗಿಲು ಅಗಲಿಸಿದ ವರ್ಷಗಳನ್ನು ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದಾಗ ಬೇರೆಯೇ ಕಂಡಿತು. ಹೊಸ ಅವಕಾಶದಿಂದ ಹೊರಗೆ ಹೋದ ಒಬ್ಬೊಬ್ಬ ನರ್ಸ್‌ಗೆ ಪ್ರತಿಯಾಗಿ ಊರಿನಲ್ಲಿ ಸುಮಾರು ಒಂಬತ್ತು ಜನ ಹೊಸದಾಗಿ ನರ್ಸಿಂಗ್ ಓದಿದ್ದರು. ಹೋಗಬಹುದು ಎಂಬ ಆಸೆಯಿಂದ ಕಾಲೇಜುಗಳು ತುಂಬಿದವು. ಎಲ್ಲರಿಗೂ ವೀಸಾ ಸಿಗಲಿಲ್ಲ, ಬಹಳ ಮಂದಿ ಊರಲ್ಲೇ ಉಳಿದರು.

ಹಾಗಿದ್ದರೂ ಆಸ್ಪತ್ರೆಗಳಲ್ಲಿ ನರ್ಸ್‌ಗಳಿಲ್ಲ ಎಂಬ ದೂರು ಯಾಕೆ? ಓದಿದವರಿದ್ದಾರೆ, ಆ ಸಂಬಳಕ್ಕೆ ಆ ಕೆಲಸ ಮಾಡಲು ಅವರು ಸಿದ್ಧ ಇಲ್ಲ. ಕೆಲವರು ಕಾಲ್ ಸೆಂಟರ್‌ಗೆ ಹೋಗುತ್ತಾರೆ, ಕೆಲವರು ಬೇರೆ ವ್ಯಾಪಾರ ಹಿಡಿಯುತ್ತಾರೆ. ನುರಿತ ಕೈಗಳು, ಐಸಿಯು ನೋಡಿದವರು, ಮೊದಲು ಹೋಗುತ್ತಾರೆ. ಸಂಖ್ಯೆ ತುಂಬಿಕೊಂಡರೂ ಅನುಭವ ತುಂಬಿಕೊಳ್ಳುವುದಿಲ್ಲ. ಹೋಗುವ ನರ್ಸನ್ನು ಬೈಯುವುದಕ್ಕಿಂತ ಊರಿನ ವಾರ್ಡಿನ ಸಂಬಳ ಮತ್ತು ಪಾಳಿಯ ಕಡೆ ನೋಡುವುದು ಒಳ್ಳೆಯದು ಎಂದು ನನಗೆ ಅನಿಸುವುದು ಇದಕ್ಕೇ.

ಕೋವಿಡ್ ಬಂದಾಗ ಈ ಪ್ರಶ್ನೆ ಕಣ್ಣೆದುರು ನಿಂತಿತು. 2020ರ ಏಪ್ರಿಲ್‌ನಲ್ಲಿ ಸರ್ಕಾರ ನರ್ಸ್‌ಗಳು ಹೊರಹೋಗುವುದನ್ನು ತಡೆಯಿತು. ವರ್ಷದ ಕೊನೆಗೆ ತಡೆ ತೆಗೆದು ವರ್ಷಕ್ಕೆ 5,000 ಜನ ಮಾತ್ರ ಎಂಬ ಮಿತಿ ಹಾಕಿತು. ಮುಂದಿನ ವರ್ಷ ಆ ಮಿತಿ ಸಡಿಲಿಸುತ್ತೇವೆ, ಬದಲಿಗೆ ಲಸಿಕೆ ಕೊಡಿ ಎಂದು ಬ್ರಿಟನ್ ಮತ್ತು ಜರ್ಮನಿಯನ್ನು ಕೇಳಿತು. ಬ್ರಿಟನ್ ಒಪ್ಪಲಿಲ್ಲ. ಅದೇ ಹೊತ್ತಿಗೆ ಅಮೆರಿಕದಲ್ಲಿ ಆ ದೇಶದ ನರ್ಸ್‌ಗಳಲ್ಲಿ ಶೇ 4ರಷ್ಟೇ ಇರುವ ಫಿಲಿಪ್ಪೀನ್ಸ್ ಮೂಲದವರು, ಕೋವಿಡ್‌ಗೆ ಬಲಿಯಾದ ನರ್ಸ್‌ಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಇದ್ದರು ಎಂದು ಅಲ್ಲಿನ ನರ್ಸ್‌ಗಳ ಸಂಘ 2020ರಲ್ಲಿ ಲೆಕ್ಕ ಕೊಟ್ಟಿತು.

ಬಂದ ಹಣ ಎಲ್ಲಿಗೆ ಹೋಗುತ್ತದೆ?

ಕಳಿಸಿದ ಹಣ ಟಿವಿ, ಮೊಬೈಲ್, ಮಾಲ್ ಎಂದು ಕರಗಿಹೋಗುತ್ತದೆ ಎಂಬ ಮಾತು ಅಲ್ಲಿಯೂ ಇದೆ, ನಮ್ಮ ಕರಾವಳಿಯಲ್ಲೂ ಇದೆ. ಇದನ್ನು ಪರೀಕ್ಷಿಸಲು 1997ರ ಏಷ್ಯಾ ಹಣಕಾಸು ಬಿಕ್ಕಟ್ಟು ಒಂದು ಅವಕಾಶ ಕೊಟ್ಟಿತು. ಆ ವರ್ಷ ಪೆಸೊ ಕುಸಿಯಿತು. ಸೌದಿ, ಅಮೆರಿಕದಲ್ಲಿ ಇದ್ದವರು ಮೊದಲಿನಷ್ಟೇ ಕಳಿಸಿದರೂ ಮನೆಯಲ್ಲಿ ಕೈಗೆ ಸಿಗುವ ಪೆಸೊ ಒಮ್ಮೆಲೇ ಜಾಸ್ತಿ ಆಯಿತು. ಮಲೇಷ್ಯಾ, ಕೊರಿಯಾದಲ್ಲಿ ಇದ್ದವರ ಮನೆಗಳಿಗೆ ಆ ಲಾಭ ಸಿಗಲಿಲ್ಲ, ಯಾಕೆಂದರೆ ಅಲ್ಲಿನ ಹಣದ ಬೆಲೆಯೂ ಬಿದ್ದಿತ್ತು. ಯಾವ ದೇಶದಲ್ಲಿದ್ದರು ಎಂಬುದಷ್ಟೇ ವ್ಯತ್ಯಾಸ.

ಡೀನ್ ಯಾಂಗ್ ಎಂಬ ಅರ್ಥಶಾಸ್ತ್ರಜ್ಞ ಈ ಎರಡೂ ಬಗೆಯ ಮನೆಗಳನ್ನು ಹೋಲಿಸಿದರು. 2008ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಹೆಚ್ಚು ಹಣ ಸಿಕ್ಕ ಮನೆಗಳಲ್ಲಿ ಮಕ್ಕಳ ಶಾಲೆ ಹೆಚ್ಚಿತು, ಮಕ್ಕಳ ದುಡಿಮೆ ಕಡಿಮೆಯಾಯಿತು, ಸ್ವಂತ ಉದ್ಯೋಗ ಶುರುಮಾಡಿದವರು ಹೆಚ್ಚಿದರು. ದಿನದ ಖರ್ಚಿನಲ್ಲಿ ಅಷ್ಟೇನೂ ಏರಿಕೆ ಕಾಣಲಿಲ್ಲ. ಹಣ ಪೋಲಾಗುತ್ತದೆ ಎಂಬ ಮಾತು ಎಲ್ಲ ಮನೆಗೂ ಒಪ್ಪುವುದಿಲ್ಲ ಎಂದಾಯಿತು.

ಹಣದ ಜೊತೆ ಪೆಟ್ಟಿಗೆಯೂ ಬರುತ್ತದೆ. 'ಬಾಲಿಕ್‌ಬಯಾನ್ ಬಾಕ್ಸ್' ಎಂಬ ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಸಾಬೂನು, ಚಾಕೊಲೇಟ್, ಡಬ್ಬಿ ಮಾಂಸ, ಶೂ, ಹಳೆಯ ಬಟ್ಟೆ. ಹಡಗಿನಲ್ಲಿ ಬರಲು ವಾರಗಟ್ಟಲೆ ಬೇಕು. ಹೊರಗೆ ದುಡಿಯುವವರು ವರ್ಷಕ್ಕೆ ಮೂರು ಸಲ, ಒಟ್ಟು 1,50,000 ಪೆಸೊ ಬೆಲೆಯವರೆಗೆ ಸುಂಕ ಇಲ್ಲದೆ ಇಂಥ ಸಾಮಾನು ಕಳಿಸಬಹುದು. ಕ್ರಿಸ್‌ಮಸ್ ಹತ್ತಿರವಾದಂತೆ ಪೆಟ್ಟಿಗೆಗಳೂ ಹಣವೂ ಏರುತ್ತವೆ.

ಪೆಟ್ಟಿಗೆ ತೆರೆಯುವ ಮಕ್ಕಳನ್ನು ಬೆಳೆಸುವವರು ಹೆಚ್ಚಾಗಿ ಅಜ್ಜಿ ಅಥವಾ ಚಿಕ್ಕಮ್ಮ. ಅಪ್ಪ ಹೊರಗೆ ಹೋದರೆ ಅಮ್ಮ ಮನೆ ನಡೆಸುತ್ತಾಳೆ. ಅಮ್ಮ ಹೋದಾಗ ಆ ಕೆಲಸ ಅಪ್ಪನಿಗಿಂತ ಹೆಚ್ಚಾಗಿ ಮನೆಯ ಇನ್ನೊಬ್ಬ ಹೆಂಗಸಿನ ಮೇಲೆ ಬೀಳುತ್ತದೆ. ಬೇರೆಯವರ ಮಗುವನ್ನು ನೋಡಿಕೊಳ್ಳಲು ಹೋದ ತಾಯಿ ತನ್ನ ಮಗುವನ್ನು ವಿಡಿಯೋ ಕಾಲ್‌ನಲ್ಲಿ ನೋಡುತ್ತಾಳೆ. ಸಂಬಳದ ಲೆಕ್ಕದಲ್ಲಿ ಇದಕ್ಕೆ ಕಾಲಮ್ಮಿಲ್ಲ. ಹೋಗುವ ಮುಂಚಿನ ರಾತ್ರಿ ಮನೆಯಲ್ಲಿ ನಡೆಯುವ ಮಾತಿನಲ್ಲಿ ಇದೇ ದೊಡ್ಡದಾಗಿರುತ್ತದೆ.

ಉಳಿಯುವವರಿಗೆ ಏನಿದೆ?

25 ವರ್ಷಗಳ ಹಿಂದೆ ಇಲ್ಲದ ಒಂದು ದಾರಿ ಈಗ ಇದೆ: ಕಾಲ್ ಸೆಂಟರ್ ಮತ್ತು ಬಿಪಿಒ. 2024ರಲ್ಲಿ ಈ ಉದ್ಯಮದಲ್ಲಿ ಸುಮಾರು 18 ಲಕ್ಷ ಜನ ಕೆಲಸ ಮಾಡುತ್ತಿದ್ದರು, ಆದಾಯ ಸುಮಾರು 3,800 ಕೋಟಿ ಡಾಲರ್. ಹೊರದೇಶದಿಂದ ಬರುವ ಹಣಕ್ಕೆ ಹೆಚ್ಚುಕಡಿಮೆ ಸಮ. ಅಮೆರಿಕದ ಹಗಲಿಗೆ ಹೊಂದಿಕೊಂಡು ರಾತ್ರಿ ಪಾಳಿ. ಬೆಂಗಳೂರಿನವರಿಗೆ ಈ ಬದುಕು ಹೊಸದೇನಲ್ಲ. ಸಂಬಳ ಹೊರದೇಶದಷ್ಟು ಇಲ್ಲ, ಆದರೆ ಬೆಳಗ್ಗೆ ಮನೆಗೆ ಬಂದು ಮಕ್ಕಳ ಮುಖ ನೋಡಬಹುದು. ಇಂಥ ಕೆಲಸಗಳು ಹೆಚ್ಚಾಗಿ ಮನಿಲಾ, ಸೆಬುವಿನಂಥ ನಗರಗಳಲ್ಲಿವೆ. ಬೇರೆ ದ್ವೀಪದ ಹಳ್ಳಿಯ ಹುಡುಗಿಗೆ ಸೆಬು ಕೂಡ ಸಮುದ್ರ ದಾಟಿ ಹೋಗಬೇಕಾದ ಊರೇ.

ವಾಪಸ್ ಬರುವುದು

ಹೋಗುವುದಾ, ಇರುವುದಾ ಎಂದು ಮನೆಯವರು ಒಮ್ಮೆ ಕೂತು ತೀರ್ಮಾನ ಮಾಡಿದರೆ ಮುಗಿಯಿತು ಎಂದು ಹೊರಗಿನವರಿಗೆ ಅನಿಸುತ್ತದೆ. ಹಾಗಲ್ಲ. ಎರಡು ವರ್ಷದ ಒಪ್ಪಂದ ಮುಗಿದಾಗಲೆಲ್ಲ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಮನೆ ಅರ್ಧ ಕಟ್ಟಿದೆ, ಇನ್ನೊಂದು ಒಪ್ಪಂದ. ಮಗಳ ಕಾಲೇಜು ಮುಗಿಯಲಿ, ಇನ್ನೊಂದು. ಹೀಗೇ 20 ವರ್ಷ ಕಳೆದವರು ಬಹಳ ಜನ. ಹೋಗುವುದಕ್ಕೆ ಇರುವಷ್ಟು ಸಿದ್ಧತೆ ವಾಪಸ್ ಬರುವುದಕ್ಕೆ ಇಲ್ಲ. ಇಡೀ ವಿಷಯದಲ್ಲಿ ನನಗೆ ಹೆಚ್ಚು ಕಾಡುವುದು ಇದು.

ಎಷ್ಟು ವರ್ಷ ದುಡಿದರೂ ಕೊಲ್ಲಿಯಲ್ಲಿ ಮನೆಗೆಲಸದವರು, ಕೂಲಿಯವರು ಖಾಯಂ ನೆಲೆಸಲು ಆಗುವುದಿಲ್ಲ. ಹಾಂಗ್‌ಕಾಂಗ್‌ನಲ್ಲಿ ಬೇರೆ ಉದ್ಯೋಗಗಳಲ್ಲಿರುವ ಹೊರದೇಶದವರು ಏಳು ವರ್ಷ ಇದ್ದರೆ ಖಾಯಂ ವಾಸದ ಹಕ್ಕು ಕೇಳಬಹುದು. ಮನೆಗೆಲಸದವರಿಗೆ ಆ ಹಕ್ಕಿಲ್ಲ ಎಂದು ಅಲ್ಲಿನ ಅತ್ಯುನ್ನತ ನ್ಯಾಯಾಲಯ 2013ರಲ್ಲಿ ತೀರ್ಪು ಕೊಟ್ಟಿತು. ಆದ್ದರಿಂದ ವಯಸ್ಸಾದ ಮೇಲೆ ಬಹುತೇಕರು ಊರಿಗೆ ಬರಲೇಬೇಕು. ಬಂದಾಗ ಐವತ್ತು ದಾಟಿರುತ್ತದೆ. ಊರಿನಲ್ಲಿ ಆ ವಯಸ್ಸಿಗೆ ಕೆಲಸ ಕೊಡುವವರು ಕಡಿಮೆ. ಕೆಲಸ ಕಳೆದುಕೊಂಡು ಮರಳಿದ ಕಲ್ಯಾಣ ನಿಧಿಯ ಸದಸ್ಯರಿಗೆ ಸಣ್ಣ ವ್ಯಾಪಾರ ಶುರುಮಾಡಲು 20 ಸಾವಿರ ಪೆಸೊವರೆಗೆ ನೆರವು ಸಿಗುತ್ತದೆ. ಮನೆ ಮುಂದೆ ಒಂದು ಕಿರಾಣಿ ಅಂಗಡಿ ಇಡಲು ಸಾಕು, ಅದಕ್ಕಿಂತ ಹೆಚ್ಚಿನದಕ್ಕೆ ಸಾಲದು.

ಪಿಂಚಣಿಯ ವಿಷಯದಲ್ಲಿ ಒಂದು ಬದಲಾವಣೆ ಆಗಿದೆ. 2018ರ ಸಾಮಾಜಿಕ ಭದ್ರತಾ ಕಾನೂನು ಹೊರದೇಶದಲ್ಲಿ ದುಡಿಯುವವರಿಗೂ ಸದಸ್ಯತ್ವ ಕಡ್ಡಾಯ ಮಾಡಿತು. ಊರಿನಲ್ಲಿ ಕೆಲಸ ಮಾಡುವವರ ವಂತಿಗೆಯಲ್ಲಿ ದೊಡ್ಡ ಪಾಲನ್ನು ಮಾಲೀಕ ಕಟ್ಟುತ್ತಾನೆ. ಆದರೆ ಹಾಂಗ್‌ಕಾಂಗ್‌ನ ಅಥವಾ ರಿಯಾದ್‌ನ ಮಾಲೀಕನಿಂದ ಅದನ್ನು ವಸೂಲಿ ಮಾಡಲು ಎರಡು ದೇಶಗಳ ನಡುವೆ ಒಪ್ಪಂದ ಇರಬೇಕು. ಅಂಥ ಒಪ್ಪಂದ ಇಲ್ಲದ ಕಡೆ ಮಾಲೀಕನ ಪಾಲನ್ನೂ ತನ್ನ ಪಾಲನ್ನೂ ದುಡಿಯುವವಳೇ ಕಟ್ಟಬೇಕು. ತಿಂಗಳ ಕೊನೆಗೆ ಮನೆಗೆ ಕಳಿಸಿ ಉಳಿದದ್ದರಲ್ಲಿ ಅದನ್ನು ಹೊಂದಿಸಿಕೊಳ್ಳಬೇಕು.